ಬೋರ್ಡಿನಲ್ಲಿ ಅರ್ಧ ಊರು ಮಾತ್ರ ಕಂಡಾಗ

(ಶಿಡ್ಲಘಟ್ಟದ ಒಂದು ಸಮುದಾಯ ಭವನದಲ್ಲಿ ರೇಷ್ಮೆ ನೂಲು ಬಿಚ್ಚುವವರು, ರೈತರು, ಆಶಾ ಕಾರ್ಯಕರ್ತೆಯರು ಮತ್ತು ಶಾಲೆಯ ಮೇಷ್ಟ್ರುಗಳ ಮುಂದೆ ಕಣ್ಣಿನ ಡಾಕ್ಟರಾಗಿ ನಾನು ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ನಮ್ಮ ದೊಡ್ಡಪ್ಪನ ಕಥೆಯಿಂದ ಶುರು ಮಾಡುತ್ತೇನೆ. ಆಗ ನಾನಿನ್ನೂ ಎಂಬಿಬಿಎಸ್ ಓದುತ್ತಿದ್ದೆ. ದೊಡ್ಡಪ್ಪ ಒಂದು ಗೃಹಪ್ರವೇಶಕ್ಕೆ ಅಂತ ಗೌರಿಬಿದನೂರಿಗೆ ಹೋಗಿದ್ದರು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದರು. ಚಿಕ್ಕಬಳ್ಳಾಪುರಕ್ಕೆ ವಾಪಸ್ಸಾಗಬೇಕಿತ್ತು. ಬೋರ್ಡು ನೋಡಿದರು, ಬಸ್ಸು ಹತ್ತಿದರು. ಕಂಡಕ್ಟರ್ ಬಂದಾಗ "ಬಳ್ಳಾಪುರ ಒಂದು" ಅಂದರು. ಕಿಟಕಿಗೆ ಒರಗಿ ನಿದ್ದೆ ಹೋದರು. ಕಣ್ಣು ಬಿಟ್ಟಾಗ ಅವರು ಇಳಿದದ್ದು ದೊಡ್ಡಬಳ್ಳಾಪುರದಲ್ಲಿ.

"ಬೋರ್ಡು ಓದಿಯೇ ಹತ್ತಿದ್ದು ಕಣೋ, ಬಳ್ಳಾಪುರ ಅಂತಲೇ ಇತ್ತು" ಅಂತ ಮನೆಗೆ ಬಂದು ಹೇಳಿದರು. ವಯಸ್ಸಾಯ್ತು, ಮರೆವು ಅಂದುಕೊಂಡು ನಾವೆಲ್ಲ ಸುಮ್ಮನಾದೆವು.

ಆಮೇಲೆ ಅವರಿಗೆ ಬಾಗಿಲು ದಾಟುವಾಗ ಎಡ ಭುಜ ಚೌಕಟ್ಟಿಗೆ ತಗಲತೊಡಗಿತು. ಪೇಪರ್ ಓದುವಾಗ ಒಂದು ಸಾಲು ಮುಗಿದರೆ ಮುಂದಿನ ಸಾಲು ಎಲ್ಲಿ ಶುರುವಾಗುತ್ತದೆ ಅಂತ ತಡಕಾಡುತ್ತಿದ್ದರು. "ಎಡಗಣ್ಣು ಹೋಗಿದೆ" ಅನ್ನುತ್ತಿದ್ದರು. ಒಂದು ಅಂಗಡಿಯಲ್ಲಿ ಕನ್ನಡಕ ಬದಲಾಯಿಸಿಕೊಟ್ಟರು. ಎರಡು ತಿಂಗಳ ಮೇಲೆ ಇನ್ನೊಂದು ಅಂಗಡಿಯಲ್ಲಿ ಮತ್ತೆ ಬದಲಾಯಿಸಿದರು. ಒಂದು ಆಸ್ಪತ್ರೆಯಲ್ಲಿ ಗೋಡೆ ಮೇಲಿನ ಅಕ್ಷರ ಓದಿಸಿದರು. ದೊಡ್ಡಪ್ಪ ಕೊನೆಯ ಸಾಲಿನವರೆಗೂ ಓದಿಬಿಟ್ಟರು. "ಕಣ್ಣು ಚೆನ್ನಾಗಿದೆ, ಏನೂ ಇಲ್ಲ" ಅಂತ ಕಳಿಸಿದರು.

ಕೊನೆಗೆ ನನ್ನ ಮೇಷ್ಟ್ರ ಹತ್ತಿರ ಕರೆದುಕೊಂಡು ಹೋದೆ. ಅವರು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಎದುರು ಕುರ್ಚಿ ಎಳೆದು ಕೂತರು. "ಯಜಮಾನರೇ, ನನ್ನ ಮೂಗನ್ನೇ ನೋಡ್ತಾ ಇರಿ. ಎಡಗಣ್ಣು ಕೈಯಿಂದ ಮುಚ್ಚಿಕೊಳ್ಳಿ. ಈಗ ನನ್ನ ಬೆರಳು ಎಷ್ಟು?" ಬಲಗಡೆ ಹಿಡಿದ ಬೆರಳನ್ನು ದೊಡ್ಡಪ್ಪ ಸರಿಯಾಗಿ ಎಣಿಸಿದರು. ಎಡಗಡೆ ಹಿಡಿದಾಗ "ಎಲ್ಲಿ ಹಿಡಿದಿದ್ದೀರಿ ಸ್ವಾಮಿ?" ಅಂದರು. ನೆನಪಿಡಿ, ಅವರು ಆಗ ನೋಡುತ್ತಿದ್ದದ್ದು ಬಲಗಣ್ಣಿನಿಂದ, ಅಂದರೆ ಅವರು ಚೆನ್ನಾಗಿದೆ ಅನ್ನುತ್ತಿದ್ದ ಕಣ್ಣಿನಿಂದ. ಆ ಕಣ್ಣಿಗೂ ಎಡಗಡೆ ಅರ್ಧ ಕಾಣುತ್ತಿರಲಿಲ್ಲ.

ತೊಂದರೆ ಎಡಗಣ್ಣಿನಲ್ಲಿ ಇರಲೇ ಇಲ್ಲ, ಬಲಗಣ್ಣಿನಲ್ಲೂ ಇರಲಿಲ್ಲ. ತಲೆಯ ಹಿಂಭಾಗದಲ್ಲಿ, ಬಲಗಡೆ ಮೆದುಳಿಗೆ ಹೋಗುವ ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಅದು ಸ್ಟ್ರೋಕ್. ಬಾಯಿ ಸೊಟ್ಟಗಾಗಲಿಲ್ಲ, ಕೈ ಕಾಲು ಬಿದ್ದುಹೋಗಲಿಲ್ಲ, ಮಾತು ತೊದಲಲಿಲ್ಲ. ಹಾಗಾಗಿ ಲಕ್ವ ಅನ್ನುವ ಯೋಚನೆಯೇ ಯಾರಿಗೂ ಬರಲಿಲ್ಲ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಎರಡು ಬೋರ್ಡಿನಲ್ಲೂ ಎಡಗಡೆ ಮುಚ್ಚಿ ನೋಡಿ. ಉಳಿಯುವುದು ಒಂದೇ ಹೆಸರು. ದೊಡ್ಡಪ್ಪ ಹೇಳಿದ್ದು ನಿಜವಾಗಿತ್ತು. ಬೋರ್ಡಿನಲ್ಲಿ ಅವರಿಗೆ ಕಂಡದ್ದು ಅಷ್ಟೇ.

ಇಲ್ಲಿ ತುಂಬಾ ಜನ ಹಿಪ್ಪುನೇರಳೆ ತೋಟಕ್ಕೋ ದ್ರಾಕ್ಷಿಗೋ ಡ್ರಿಪ್ ಹಾಕಿಸಿದ್ದೀರಿ. ನಿಮಗೆ ಒಂದು ಪ್ರಶ್ನೆ. ಬೆಳಗ್ಗೆ ತೋಟಕ್ಕೆ ಹೋದಾಗ ಒಂದೇ ಒಂದು ಸಾಲಿನ ಗಿಡ ಬಾಡಿದೆ. ಮೋಟರ್ ಬಿಚ್ಚುತ್ತೀರಾ? ಇಲ್ಲ. ಆ ಸಾಲಿನ ಪೈಪಿನಲ್ಲಿ ಕಸ ಕಟ್ಟಿದೆಯಾ ನೋಡುತ್ತೀರಿ. ಅರ್ಧ ತೋಟಕ್ಕೇ ನೀರು ಬಂದಿಲ್ಲ ಅಂದರೆ ಗೇಟ್ ವಾಲ್ವ್ ಹತ್ತಿರ ಹೋಗುತ್ತೀರಿ. ಇಡೀ ತೋಟಕ್ಕೆ ಇಲ್ಲ ಅಂದರೆ ಆಗ ಮೋಟರ್, ಸ್ಟಾರ್ಟರ್. ಯಾವ ಗಿಡ ಬಾಡಿದೆ ಅನ್ನುವುದೇ ಪೈಪ್ ಎಲ್ಲಿ ಕಟ್ಟಿದೆ ಅಂತ ಹೇಳುತ್ತದೆ, ಅಲ್ವಾ?

ನೋಟವೂ ಹಾಗೆಯೇ. ಕಣ್ಣಿಗೆ ಬಿದ್ದ ಬೆಳಕು ಹಿಂದಿನ ಪರದೆಗೆ ಹೋಗುತ್ತದೆ. ಅಲ್ಲಿಂದ ನೋಟದ ನರ ಹೊರಡುತ್ತದೆ. ಒಂದೊಂದು ನರದಲ್ಲೂ ಹತ್ತು ಹನ್ನೆರಡು ಲಕ್ಷ ಎಳೆಗಳಿವೆ. ರೇಷ್ಮೆಯ ಒಂದು ಎಳೆ ತುಂಡಾದರೆ ಬೇಸಿನ್ ಮುಂದೆ ಕೂತು ಅದನ್ನು ಹುಡುಕಿ ಸೇರಿಸುವವರು ನೀವು. ನರದ ಈ ಎಳೆಗಳನ್ನು ಹಾಗೆ ಸೇರಿಸುವುದು ಇವತ್ತಿಗೂ ಯಾರಿಗೂ ಸಾಧ್ಯವಾಗಿಲ್ಲ. ಅದಕ್ಕೇ ಅವು ತುಂಡಾಗುವ ಮೊದಲೇ ಹಿಡಿಯಬೇಕು ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಎರಡು ನರಗಳೂ ಮೂಗಿನ ಬುಡದ ಹಿಂದೆ, ಮೆದುಳಿನ ಕೆಳಗೆ ಒಂದು ಕಡೆ ಸೇರುತ್ತವೆ. ಅಲ್ಲಿ ಅರ್ಧದಷ್ಟು ಎಳೆಗಳು ದಾರಿ ದಾಟಿ ಆಚೆ ಬದಿಗೆ ಹೋಗುತ್ತವೆ. ಅಲ್ಲಿಂದ ಮುಂದೆ ಎಡಗಡೆ ಪ್ರಪಂಚವೆಲ್ಲ ಬಲ ಮೆದುಳಿಗೆ, ಬಲಗಡೆ ಪ್ರಪಂಚವೆಲ್ಲ ಎಡ ಮೆದುಳಿಗೆ. ಇದಿಷ್ಟು ತಿಳಿದರೆ ಸಾಕು. ದಾಟುವ ಜಾಗಕ್ಕಿಂತ ಮುಂಚೆ ಪೆಟ್ಟಾದರೆ ಒಂದು ಕಣ್ಣು ಮಾತ್ರ ಕೆಡುತ್ತದೆ. ದಾಟಿದ ಮೇಲೆ ಪೆಟ್ಟಾದರೆ ಎರಡೂ ಕಣ್ಣಿಗೆ ಒಂದೇ ಬದಿಯ ಅರ್ಧ ಹೋಗುತ್ತದೆ. ಸರಿಯಾಗಿ ದಾಟುವ ಜಾಗದಲ್ಲೇ ಒತ್ತಿದರೆ ಎರಡು ಕಣ್ಣಿಗೂ ಹೊರಗಿನ ಬದಿ ಹೋಗುತ್ತದೆ. ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ ಎದುರಿನದು ಮಾತ್ರ ಕಾಣುತ್ತದೆ. ಇದಕ್ಕೆ ಜಾಸ್ತಿ ಕಾರಣ ಮೆದುಳಿನ ಬುಡದಲ್ಲಿದ್ದು ಹಾರ್ಮೋನು ಬಿಡುವ ಪಿಟ್ಯುಟರಿ ಗ್ರಂಥಿಯ ಗಡ್ಡೆ. ಹೆಂಗಸರಲ್ಲಿ ಮುಟ್ಟು ನಿಂತಿರಬಹುದು, ಮಗು ಇಲ್ಲದೆಯೂ ಎದೆಹಾಲು ಬರಬಹುದು. ಉಂಗುರ, ಚಪ್ಪಲಿ ಬಿಗಿಯಾಗುತ್ತಾ ಬರಬಹುದು. ಹೀಗಿದ್ದು ಪಕ್ಕದಿಂದ ಬರುವ ಗಾಡಿ ಕಾಣುತ್ತಿಲ್ಲ ಅಂದರೆ ಕನ್ನಡಕದ ಅಂಗಡಿಗೆ ಹೋಗುವ ಕೆಲಸವಲ್ಲ ಅದು.

ಈಗ ಎಲ್ಲರೂ ಒಂದು ಕೆಲಸ ಮಾಡಿ. ಬಲ ಅಂಗೈಯಿಂದ ಬಲಗಣ್ಣು ಮುಚ್ಚಿ, ಒತ್ತಬೇಡಿ, ಸುಮ್ನೆ ಮುಚ್ಚಿ. ಆ ಗೋಡೆಯ ಕ್ಯಾಲೆಂಡರ್ ನೋಡಿ. ಈಗ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಎರಡೂ ಒಂದೇ ಥರ ಕಾಣುತ್ತಾ? ತುಂಬಾ ಜನ ಜೀವನದಲ್ಲಿ ಒಮ್ಮೆಯೂ ಇದನ್ನು ಮಾಡಿರುವುದಿಲ್ಲ. ಒಂದು ಕಣ್ಣು ನಿಧಾನಕ್ಕೆ ಹೋದರೆ ಇನ್ನೊಂದು ಕಣ್ಣು ಅದನ್ನು ಮುಚ್ಚಿಹಾಕುತ್ತದೆ. ಆಶಾ ಅಕ್ಕಂದಿರೇ, ಮನೆಮನೆಗೆ ಹೋದಾಗ ಇದನ್ನು ಕೇಳಿ. ಖರ್ಚಿಲ್ಲ, ಒಂದು ನಿಮಿಷವೂ ಬೇಡ.

ಒಂದೇ ಕಣ್ಣು ಕೆಟ್ಟವರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಒಬ್ಬ ಹೆಣ್ಣುಮಗಳು, ಇಪ್ಪತ್ತೆಂಟು ವರ್ಷ, ನೂಲು ಬಿಚ್ಚುವ ಕೆಲಸ. ನಾಲ್ಕು ದಿನದಿಂದ ಬಲಗಣ್ಣು ಮಂಜು. ಕಣ್ಣು ಆಚೀಚೆ ಹೊರಳಿಸಿದರೆ ಒಳಗೆ ನೋವು. ಪೊರೆ ಇಲ್ಲ, ಕೆಂಪಗಾಗಿಲ್ಲ. ನಾನು ಮೇಜಿನ ಮೇಲಿದ್ದ ಕೆಂಪು ಮುಚ್ಚಳ ತೋರಿಸಿದೆ. ಎಡಗಣ್ಣಿನಲ್ಲಿ ನೋಡಿ "ಕುಂಕುಮದ ಕೆಂಪು ಸಾರ್" ಅಂದಳು. ಬಲಗಣ್ಣಿನಲ್ಲಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಗೆದು ಒಗೆದು ಬಣ್ಣ ಹೋದ ರವಿಕೆ ಥರ ಇದೆ" ಅಂದಳು. ಆ ಒಂದು ಮಾತಿನಲ್ಲೇ ನೋಟದ ನರದ ಊತ ಅನ್ನುವುದು ಮುಕ್ಕಾಲು ಪಾಲು ಗೊತ್ತಾಯಿತು. ಟಾರ್ಚ್ ಬಿಟ್ಟು ನೋಡಿದಾಗ ಆ ಕಣ್ಣಿನ ಪಾಪೆ ಬೆಳಕಿಗೆ ಸರಿಯಾಗಿ ಕಿರಿದಾಗಲಿಲ್ಲ. ಆಗ ಅನುಮಾನ ಉಳಿಯಲಿಲ್ಲ.

ಕೆಲವು ವಾರದಲ್ಲಿ ಅವಳಿಗೆ ನೋಟ ವಾಪಸ್ ಬಂತು. ಆದರೆ ಆಮೇಲೆ ಬಂದು ಇನ್ನೊಂದು ವಿಷಯ ಹೇಳಿದಳು. "ಗೂಡು ಬೇಯಿಸುವ ಬಿಸಿನೀರಿನ ಮುಂದೆ ಕೂತರೆ ಆ ಕಣ್ಣು ಮಬ್ಬಾಗುತ್ತೆ ಸಾರ್. ಎದ್ದು ಆಚೆ ಗಾಳಿಗೆ ಬಂದರೆ ಸರಿಹೋಗುತ್ತೆ." ಮನೆಯವರು ಕೆಲಸ ತಪ್ಪಿಸಿಕೊಳ್ಳಲು ಹೇಳುತ್ತಿದ್ದಾಳೆ ಅಂದುಕೊಂಡಿದ್ದರಂತೆ. ಅಲ್ಲ. ಒಮ್ಮೆ ಊದಿಕೊಂಡ ನರದ ಮೇಲಿನ ಹೊದಿಕೆ ತೆಳುವಾಗಿರುತ್ತದೆ. ಮೈ ಬಿಸಿಯಾದರೆ ಅದರಲ್ಲಿ ಸುದ್ದಿ ಸರಿಯಾಗಿ ಹರಿಯುವುದಿಲ್ಲ. ಇದನ್ನು ನೂರು ವರ್ಷಕ್ಕಿಂತ ಹಿಂದೆಯೇ ಉಹ್ಟಾಫ್ ಅನ್ನುವ ಜರ್ಮನ್ ವೈದ್ಯರು ಬರೆದಿಟ್ಟಿದ್ದಾರೆ. ರೋಗಿ ಹೇಳಿದ್ದನ್ನು ನಂಬಿ ಕೇಳಿದರೆ ಅರ್ಧ ಪರೀಕ್ಷೆ ಮುಗಿದ ಹಾಗೆ.

ಇದರ ಚಿಕಿತ್ಸೆ ಬಗ್ಗೆ ಒಂದು ಎಚ್ಚರಿಕೆ. ಮೆಡಿಕಲ್ ಶಾಪಿನಿಂದ ಸ್ಟೆರಾಯ್ಡ್ ಮಾತ್ರೆ ತಂದು ನುಂಗಬೇಡಿ. 1992 ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಮಾಮೂಲಿ ಡೋಸಿನ ಪ್ರೆಡ್ನಿಸೋನ್ ಅನ್ನುವ ಸ್ಟೆರಾಯ್ಡ್ ಮಾತ್ರೆಯನ್ನಷ್ಟೇ ತೆಗೆದುಕೊಂಡವರಿಗೆ ಕಾಯಿಲೆ ಮರುಕಳಿಸಿದ್ದೇ ಜಾಸ್ತಿ. ಮೊದಲು ರಕ್ತನಾಳಕ್ಕೆ ಇಂಜೆಕ್ಷನ್ ಮೂಲಕ ಸ್ಟೆರಾಯ್ಡ್ ತೆಗೆದುಕೊಂಡವರಿಗೆ ನೋಟ ಬೇಗ ಮರಳಿತು. ಇನ್ನೂ ಒಂದು ಮಾತು. ಈ ಊತ ಬೇರೆ ಕಾಯಿಲೆಗಳ ಮೊದಲ ಸೂಚನೆಯೂ ಆಗಿರಬಹುದು. ಮೈಯ ರಕ್ಷಣಾ ಶಕ್ತಿಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಒಂದು. ಎನ್‌ಎಂಒ, ಅಂದರೆ ನ್ಯೂರೋಮೈಲೈಟಿಸ್ ಆಪ್ಟಿಕಾ ಅನ್ನುವ ಅಂಥದ್ದೇ ಕಾಯಿಲೆ ಇನ್ನೊಂದು. ಇದರಲ್ಲಿ ಎರಡೂ ಕಣ್ಣು ಜೋರಾಗಿ ಹೋಗಬಹುದು, ಬಿಡದ ಬಿಕ್ಕಳಿಕೆ, ವಾಂತಿ, ಕಾಲಿನ ಶಕ್ತಿ ಕುಂದುವುದು ಇರಬಹುದು. ಎರಡಕ್ಕೂ ಔಷಧಿ ಬೇರೆ ಬೇರೆ. ಒಂದರ ಕೆಲವು ಔಷಧಿ ಇನ್ನೊಂದಕ್ಕೆ ಕೊಟ್ಟರೆ ಕೆಡುಕೇ ಆಗುತ್ತದೆ. ಅದಕ್ಕೇ ರಕ್ತ ಪರೀಕ್ಷೆ, ಎಂಆರ್‌ಐ ಅಂತ ಬರೆದುಕೊಟ್ಟಾಗ ದುಡ್ಡಿಗಾಗಿ ಬರೆದರು ಅಂದುಕೊಳ್ಳಬೇಡಿ.

ವಯಸ್ಸಾದವರಲ್ಲಿ ಕಥೆ ಬೇರೆ. ಬೆಳಗ್ಗೆ ಎದ್ದಾಗ ಒಂದು ಕಣ್ಣಿನ ಕೆಳಗಿನ ಅರ್ಧವೋ ಮೇಲಿನ ಅರ್ಧವೋ ಇಲ್ಲ, ನೋವೂ ಇಲ್ಲ ಅಂದರೆ ನರಕ್ಕೆ ರಕ್ತ ಸಾಲದೆ ಆಗಿರುವುದು. ಶುಗರ್, ಬಿಪಿ ಇರುವವರಲ್ಲಿ ಜಾಸ್ತಿ. ಅದರ ಜೊತೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ನೋವು, ತಲೆ ಬಾಚಿದರೆ ನೋವು ಇದ್ದರೆ ರಕ್ತನಾಳದ ಊತ ಇರಬಹುದು. ಅದು ನಮ್ಮಲ್ಲಿ ಅಪರೂಪ. ಆದರೆ ಇದ್ದರೆ ಇನ್ನೊಂದು ಕಣ್ಣು ದಿನಗಳಲ್ಲೇ ಹೋಗಬಹುದು.

ಬಗ್ಗಿ ಚೆಂಬು ಎತ್ತಿಕೊಂಡು ಎದ್ದಾಗ ಕೆಲವು ಕ್ಷಣ ಎರಡೂ ಕಣ್ಣು ಕಪ್ಪಾಗಿ ಮತ್ತೆ ಸರಿಹೋಗುತ್ತದೆ, ಜೊತೆಗೆ ತಲೆನೋವು, ವಾಂತಿ. ಇದನ್ನು "ರಕ್ತ ಕಮ್ಮಿ, ಸುಸ್ತು" ಅಂತ ಟಾನಿಕ್ ಕೊಟ್ಟು ಕಳಿಸುವುದು ತುಂಬಾ ನೋಡಿದ್ದೇನೆ. ಇದು ತಲೆಬುರುಡೆಯ ಒಳಗೆ ಒತ್ತಡ ಏರಿ ನೋಟದ ನರದ ಬುಡ ಊದಿಕೊಂಡಿರುವ ಲಕ್ಷಣವಾಗಿರಬಹುದು. ಗಡ್ಡೆ ಇರಬಹುದು, ಬಾಣಂತಿಯರಲ್ಲಿ ಮೆದುಳಿನ ರಕ್ತನಾಳ ಹೆಪ್ಪುಗಟ್ಟಿರಬಹುದು, ತೂಕ ಹೆಚ್ಚಿರುವ ಚಿಕ್ಕವಯಸ್ಸಿನ ಹೆಂಗಸರಲ್ಲಿ ಯಾವ ಗಡ್ಡೆಯೂ ಇಲ್ಲದೆ ಒತ್ತಡವೇ ಏರಿರಬಹುದು. ಮೊದಮೊದಲು ಅಕ್ಷರ ಪೂರ್ತಿ ಓದುತ್ತಾರೆ, ಅದೇ ಮೋಸ. ಕಣ್ಣಿಗೆ ಡ್ರಾಪ್ಸ್ ಹಾಕಿ ಒಳಗೆ ನೋಡಿದರೆ ಮಾತ್ರ ಗೊತ್ತಾಗುವುದು.

ಇನ್ನು ಒಂದು ಎರಡಾಗಿ ಕಾಣುವುದು. ಇಲ್ಲೂ ಅಂಗೈಯೇ ಬೇಕು. ಒಂದು ಕಣ್ಣು ಮುಚ್ಚಿದರೂ ಎರಡಾಗಿಯೇ ಕಂಡರೆ ಅದು ಕಣ್ಣಿನದೇ ತೊಂದರೆ. ಪೊರೆಯೋ ಕನ್ನಡಕದ ನಂಬರೋ ಇರುತ್ತದೆ, ಗಾಬರಿ ಬೇಡ. ಯಾವ ಕಣ್ಣು ಮುಚ್ಚಿದರೂ ಒಂದೇ ಕಾಣುತ್ತದೆ ಅಂದರೆ ಎರಡು ಕಣ್ಣು ಜೊತೆಯಾಗಿ ತಿರುಗುತ್ತಿಲ್ಲ. ಅದು ನರದ್ದೋ ಸ್ನಾಯುವಿನದ್ದೋ ತೊಂದರೆ. ದೂರ ನೋಡಿದಾಗ ಪಕ್ಕ ಪಕ್ಕ ಎರಡು ಕಂಡರೆ ಒಂದು ನರ, ಮೆಟ್ಟಿಲು ಇಳಿಯುವಾಗ ಮೇಲೆ ಕೆಳಗೆ ಎರಡು ಕಂಡರೆ ಇನ್ನೊಂದು. ನೀವು ನೆನಪಿಡಬೇಕಾದ್ದು ಮೂರನೆಯದು. ರೆಪ್ಪೆ ಪೂರ್ತಿ ಜೋತುಬಿದ್ದಿದೆ, ಎತ್ತಿ ನೋಡಿದರೆ ಕಣ್ಣು ಹೊರಗೆ ಕೆಳಗೆ ಸರಿದಿದೆ, ಪಾಪೆ ದೊಡ್ಡದಾಗಿದೆ, ತಲೆನೋವು ಜೋರಾಗಿದೆ. ಇಷ್ಟು ಕಂಡರೆ ಮಾರನೆಯ ದಿನಕ್ಕೆ ಕಾಯಬೇಡಿ. ಮೆದುಳಿನ ರಕ್ತನಾಳ ಬಲೂನಿನ ಹಾಗೆ ಉಬ್ಬಿ ನರವನ್ನು ಒತ್ತುತ್ತಿರಬಹುದು, ಒಡೆದರೆ ಪ್ರಾಣಕ್ಕೆ ಅಪಾಯ. ಶುಗರ್ ಇರುವವರಿಗೆ ಇದೇ ನರ ಕೆಟ್ಟಾಗ ಸಾಮಾನ್ಯವಾಗಿ ಪಾಪೆ ಸರಿಯಾಗಿರುತ್ತದೆ, ಮೂರು ತಿಂಗಳ ಹೊತ್ತಿಗೆ ತಾನಾಗಿ ವಾಸಿಯಾಗುತ್ತದೆ. ಆದರೆ ಯಾವುದು ಅಂತ ಡಾಕ್ಟರ್ ನೋಡಿ ಹೇಳಲಿ.

ಬೆಳಗ್ಗೆ ಡೈರಿಗೆ ಹಾಲು ಹಾಕುವಾಗ ಮುಖ ಚೆನ್ನಾಗಿರುತ್ತದೆ, ಸಂಜೆ ಹಾಲು ಹಾಕಲು ಬಂದಾಗ ರೆಪ್ಪೆ ಇಳಿದಿರುತ್ತದೆ. ಒಬ್ಬರನ್ನು ಡೈರಿಯಲ್ಲಿ "ಕುಡಿದು ಬರ್ತಾನೆ" ಅಂದುಬಿಟ್ಟಿದ್ದರು. ಅವರಿಗಿದ್ದದ್ದು ಮಯಸ್ತೇನಿಯಾ. ದುಡಿದಷ್ಟೂ ಸ್ನಾಯು ಸೋಲುತ್ತದೆ, ಮಲಗಿ ಎದ್ದರೆ ಸರಿಹೋಗುತ್ತದೆ. ನಾನು ಗ್ಲೌಸಿನಲ್ಲಿ ಐಸ್ ತುಂಬಿ ಮುಚ್ಚಿದ ರೆಪ್ಪೆ ಮೇಲೆ ಎರಡು ನಿಮಿಷ ಇಟ್ಟೆ. ತೆಗೆದಾಗ ರೆಪ್ಪೆ ಮೇಲೆದ್ದಿತ್ತು. ಅವರ ಹೆಂಡತಿ ಅಲ್ಲೇ ನಿಂತು ಅತ್ತುಬಿಟ್ಟರು. ಊರಿನವರ ಮಾತನ್ನು ಅವರೂ ನಂಬಿದ್ದರು. ಈ ಕಾಯಿಲೆಗೆ ಒಳ್ಳೆಯ ಔಷಧಿ ಇದೆ. ನುಂಗಲು, ಉಸಿರಾಡಲು ಕಷ್ಟವಾದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ರೆಪ್ಪೆ ಇಳಿಯುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕಾರಣವಿದೆ. ಮಳೆಗಾಲದ ರಾತ್ರಿ, ನೆಲದ ಮೇಲೆ ಚಾಪೆ ಹಾಸಿ ಮಲಗಿದ ಮಗು ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತದೆ. ಕಣ್ಣು ತೆರೆಯಲಾಗುತ್ತಿಲ್ಲ. ನಿದ್ದೆಗಣ್ಣು ಅಂದುಕೊಳ್ಳುತ್ತೀರಿ. ಮೈಮೇಲೆ ಗಾಯ ಇಲ್ಲ, ಊತ ಇಲ್ಲ. ಕಟ್ಟುಹಾವು ಕಡಿದರೆ ಹೀಗೇ. ಬಾಗೇಪಲ್ಲಿ ಕಡೆ ಕಟ್ಲಪಾಮು ಅನ್ನುತ್ತೀರಲ್ಲ, ಅದು. ಕಡಿದದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ವಿಷ ಮೊದಲು ಎರಡೂ ರೆಪ್ಪೆಗಳನ್ನು ಇಳಿಸುತ್ತದೆ, ಆಮೇಲೆ ಗಂಟಲು, ಆಮೇಲೆ ಉಸಿರು. ರೆಪ್ಪೆ ಇಳಿದಾಗಲೇ ಹಿಡಿದರೆ ಮಗು ಉಳಿಯುತ್ತದೆ. ಮಂತ್ರ ಹಾಕಿಸಲು, ನಾಟಿ ಮದ್ದಿಗೆ ಅಂತ ಒಂದು ಗಂಟೆಯನ್ನೂ ಕಳೆಯಬೇಡಿ. 2024 ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅಷ್ಟು ದೊಡ್ಡ ವಿಷಯ ಅದು.

ಔಷಧಿ, ವಿಷಗಳಿಂದಲೂ ನೋಟದ ನರ ಕೆಡುತ್ತದೆ. ಟಿಬಿಗೆ ಕೊಡುವ ಎಥಾಂಬ್ಯುಟಾಲ್ ಕೆಲವರಿಗೆ ಎರಡೂ ಕಣ್ಣು ಮಂಜು ಮಾಡುತ್ತದೆ, ಕೆಂಪು ಹಸಿರು ಗುರುತು ಸಿಗುವುದಿಲ್ಲ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅದೇ ದಿನ ಕೇಂದ್ರಕ್ಕೆ ಹೋಗಿ ಹೇಳಿ, ಅವರು ಆ ಒಂದನ್ನು ಬದಲಾಯಿಸುತ್ತಾರೆ. ಕಳ್ಳಬಟ್ಟಿ ವಿಷಯ ಇಲ್ಲಿ ಹಿರಿಯರಿಗೆ ಹೇಳಬೇಕಾಗಿಲ್ಲ. 2008 ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಆಚೆ ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಸೇರಿದ್ದ ಮೆಥನಾಲ್ ಮೈಯೊಳಗೆ ಫಾರ್ಮಿಕ್ ಆಸಿಡ್ ಆಗುತ್ತದೆ, ನೋಟದ ನರವನ್ನೇ ಹಿಡಿಯುತ್ತದೆ. ಕುಡಿದ ಮಾರನೆಯ ದಿನ ಎಲ್ಲ ಬೆಳ್ಳಗೆ ಮಂಜು ಕವಿದ ಹಾಗೆ ಕಂಡರೆ ಅದು ಹ್ಯಾಂಗೋವರ್ ಅಲ್ಲ.

ಬಂದು ಹೋಗುವ ತೊಂದರೆಗಳನ್ನು ಬೇರೆ ಮಾಡುವುದು ಹೇಗೆ ಅಂತ ಮೇಷ್ಟ್ರೊಬ್ಬರು ಚೀಟಿ ಕಳಿಸಿದ್ದಾರೆ. ಮೈಗ್ರೇನಿನಲ್ಲಿ ಬೆಳಕಿನ ಗರಗಸದ ಹಲ್ಲಿನಂಥ ಗೆರೆ ಮಿನುಗುತ್ತದೆ, ನಿಧಾನಕ್ಕೆ ದೊಡ್ಡದಾಗುತ್ತಾ ಹೋಗುತ್ತದೆ, ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮಾಯವಾಗಿ ತಲೆನೋವು ಬರುತ್ತದೆ. ಕಣ್ಣು ಮುಚ್ಚಿದರೂ ಕಾಣುತ್ತದೆ. ಮೆದುಳಿಗೋ ಕಣ್ಣಿಗೋ ರಕ್ತ ನಿಂತರೆ ಮಿನುಗು ಇಲ್ಲ, ಥಟ್ಟಂತ ಕತ್ತಲೆ. ಒಂದು ಕಣ್ಣಿನ ಮೇಲೆ ಪರದೆ ಇಳಿದ ಹಾಗೆ ಆಗಿ ಕೆಲವು ನಿಮಿಷದಲ್ಲಿ ಸರಿಹೋಗುತ್ತದೆ. "ಸರಿಹೋಯ್ತಲ್ಲ" ಅಂತ ಬಿಡುವುದೇ ತಪ್ಪು. ಮುಂದಿನ ದಿನಗಳಲ್ಲಿ ದೊಡ್ಡ ಸ್ಟ್ರೋಕ್ ಬರುವ ಸೂಚನೆ ಅದು. ನೋಟ ಹಠಾತ್ತನೆ ಅರ್ಧ ಹೋದರೂ ಸ್ಟ್ರೋಕೇ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆ ಸಮಯ ಇರುತ್ತದೆ, ಬೇಗ ಹೋದಷ್ಟೂ ಒಳ್ಳೆಯದು. ಮಿಂಚು ಹೊಡೆದ ಹಾಗೆ ಆಗಿ, ಕಪ್ಪು ಚುಕ್ಕೆ ಹಾರಾಡಿ, ಪಕ್ಕದಿಂದ ಬಂದ ಪರದೆ ಹೋಗುತ್ತಲೇ ಇಲ್ಲ ಅಂದರೆ ಅದು ನರದ್ದಲ್ಲ, ಕಣ್ಣಿನ ಒಳಪರದೆ ಕಳಚಿರುವುದು. ಅದಕ್ಕೆ ಕಣ್ಣಿನ ಆಪರೇಷನ್ ಬೇಕು.

ಎಲ್ಲಿಗೆ ಹೋಗಬೇಕು? ಮೊದಲು ಕಣ್ಣಿನ ಡಾಕ್ಟರ್ ಹತ್ತಿರವೇ ಹೋಗಿ, ಬರೀ ಕನ್ನಡಕದ ಅಂಗಡಿಗೆ ಅಲ್ಲ. ನಿಮ್ಹಾನ್ಸ್ ಮತ್ತು ಆರೋಗ್ಯ ಇಲಾಖೆ ಸೇರಿ 2022 ರಲ್ಲಿ ಮೆದುಳಿನ ಆರೋಗ್ಯದ ಯೋಜನೆ ಶುರು ಮಾಡಿದಾಗ ಮೊದಲು ಆರಿಸಿದ ಕಡೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರವೂ ಇದ್ದವು. ಹಾಗಾಗಿ ಎಲ್ಲದಕ್ಕೂ ಬೆಂಗಳೂರಿಗೇ ಓಡಬೇಕಾಗಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಕೇಳಿ.

ದೊಡ್ಡಪ್ಪನಿಗೆ ಎಡಗಡೆ ಅರ್ಧ ವಾಪಸ್ ಬರಲಿಲ್ಲ. ಬಿಪಿ ಮಾತ್ರೆ ತಪ್ಪಿಸಲಿಲ್ಲ, ಟಿವಿಎಸ್ ಓಡಿಸುವುದು ಬಿಟ್ಟರು. ತಲೆಯನ್ನು ಎಡಕ್ಕೆ ತಿರುಗಿಸಿ ನೋಡುವುದನ್ನು ಅಭ್ಯಾಸ ಮಾಡಿಕೊಂಡರು. ಪೇಪರಿನ ಎಡ ಅಂಚಿಗೆ ಕೆಂಪು ರಿಬ್ಬನ್ ಇಟ್ಟುಕೊಂಡು, ರಿಬ್ಬನ್ ಕಾಣುವವರೆಗೂ ಕಣ್ಣು ಸರಿಸಿ ಓದುತ್ತಿದ್ದರು.

ಮಾತು ಮುಗಿದ ಮೇಲೆ ಒಬ್ಬ ಅಜ್ಜಿ ಎದ್ದು ನಿಂತರು. ಮೈಕ್ ಬೇಡ ಅಂದರು, ನಾನೇ ಕೆಳಗೆ ಇಳಿದು ಹತ್ತಿರ ಹೋದೆ. ಎರಡೂ ಕಣ್ಣಿನ ನೋಟ ತುಂಬಾ ಕಮ್ಮಿಯಾಗಿದೆಯಂತೆ. "ಡಾಕ್ಟ್ರಪ್ಪ, ನಂಗೆ ಸಾಯಂಕಾಲ ಹೊತ್ತು ಜಗಲಿ ಮೇಲೆ ಮಕ್ಕಳು ಕಾಣ್ತಾರೆ. ಬಣ್ಣಬಣ್ಣದ ಬಟ್ಟೆ. ಮಾತಾಡಲ್ಲ. ಸುಮ್ನೆ ಕೂತಿರ್ತಾರೆ. ಅವರು ಇಲ್ಲ ಅಂತ ನಂಗೂ ಗೊತ್ತು. ಎಂಟು ತಿಂಗಳಾಯ್ತು, ಯಾರಿಗೂ ಹೇಳಿಲ್ಲ." ದೆವ್ವ ಅಂತಾರೆ, ಇಲ್ಲ ಹುಚ್ಚು ಅಂತಾರೆ ಅನ್ನುವ ಭಯ.

ನಾನು ಹೇಳಿದೆ: "ಅಮ್ಮ, ಇದು ಹುಚ್ಚೂ ಅಲ್ಲ, ಗಾಳಿಯೂ ಅಲ್ಲ. 1760 ರಲ್ಲೇ ಶಾರ್ಲ್ ಬೊನೆ ಅನ್ನುವವರು ತಮ್ಮ ತಾತನಿಗೆ ಹೀಗೇ ಕಾಣುತ್ತಿದ್ದದ್ದನ್ನು ಬರೆದಿಟ್ಟಿದ್ದಾರೆ. ಆ ತಾತನಿಗೂ ಪೊರೆ ಬಂದಿತ್ತು, ಬುದ್ಧಿ ನೆಟ್ಟಗಿತ್ತು. ಕಣ್ಣಿನಿಂದ ಚಿತ್ರ ಬರುವುದು ಕಮ್ಮಿಯಾದಾಗ ಮೆದುಳು ತಾನೇ ಚಿತ್ರ ಬಿಡಿಸಿಕೊಳ್ಳುತ್ತೆ. ನಾಳೆ ಬನ್ನಿ, ಕಣ್ಣು ಪೂರ್ತಿ ನೋಡುತ್ತೇನೆ. ಪೊರೆ ಇದ್ದರೆ ತೆಗೆಯೋಣ. ಲೈಟು ಜಾಸ್ತಿ ಹಾಕಿಕೊಳ್ಳಿ. ಕಂಡಾಗ ನಾಲ್ಕು ಸಲ ಜೋರಾಗಿ ರೆಪ್ಪೆ ಮಿಟುಕಿಸಿ, ಆಚೀಚೆ ನೋಡಿ."

ಅಜ್ಜಿ ನನ್ನ ಕೈ ಹಿಡಿದುಕೊಂಡೇ ಇದ್ದರು. "ಹಂಗಾದ್ರೆ ಸೊಸೆಗೆ ಹೇಳ್ಬೋದಾ?"

"ಹೇಳಿ ಅಮ್ಮ."

ಅವರು ಎರಡು ಸಾಲು ಹಿಂದೆ ಕೂತಿದ್ದ ಹೆಣ್ಣುಮಗಳ ಕಡೆ ತಿರುಗಿ ಕರೆದರು. "ಬಾರಮ್ಮ ಇಲ್ಲಿ. ನಿಂಗೂ ಒಂದಿಷ್ಟು ಹೇಳ್ಬೇಕು."